ಒಂದೇ ನೊಗಕ್ಕೆ ಹಳೇ ಸೆಲ್ಲು, ಹೊಸಾ ಸೆಲ್ಲು

ಅಮೆರಿಕ, ಇಂಗ್ಲೆಂಡ್ ಕಡೆ ವೇಪ್ ಸೇದುವವರಲ್ಲಿ ಒಂದು ಮಾತಿದೆ: ಬ್ಯಾಟರಿಗಳಿಗೆ ಮದುವೆ ಮಾಡಿಸುವುದು ಅಂತ. ನಗಬೇಡಿ, ನಿಜವಾಗಲೂ ಹಾಗೇ ಹೇಳ್ತಾರೆ :-) ಎರಡೋ ಮೂರೋ ಸೆಲ್ ಹಾಕುವ ದೊಡ್ಡ ವೇಪ್ ಇದ್ದರೆ, ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಹೊಸ ಸೆಲ್ಲುಗಳನ್ನು ಒಟ್ಟಿಗೇ ಕೊಳ್ಳಬೇಕು. ಮೇಲೆ ಪೆನ್ನಿನಲ್ಲಿ ಗುರುತು ಹಾಕಬೇಕು. ಅಲ್ಲಿಂದಾಚೆ ಅವನ್ನು ಒಟ್ಟಿಗೇ ಚಾರ್ಜ್ ಮಾಡಬೇಕು, ಒಟ್ಟಿಗೇ ಬಳಸಬೇಕು, ಮುದಿಯಾದ ಮೇಲೆ ಒಟ್ಟಿಗೇ ಬಿಡಬೇಕು. ಒಂದು ಕೆಟ್ಟಿತು ಅಂತ ಅದರ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವ ಹಾಗಿಲ್ಲ. ಮರುಮದುವೆಗೆ ಅವಕಾಶವೇ ಇಲ್ಲ!

ನಮ್ಮಲ್ಲಿ ವೇಪ್ ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧವಾಯಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಇಡೀ ದೇಶಕ್ಕೇ ಇ-ಸಿಗರೇಟ್ ಬೇಡ ಅಂದಿತು, ಅದೇ ಡಿಸೆಂಬರಿನಲ್ಲಿ ಅದು ಕಾಯ್ದೆಯೂ ಆಯಿತು. (ಕದ್ದುಮುಚ್ಚಿ ಸಿಗುತ್ತದೆ ಅನ್ನೋದು ಬೇರೆ ಮಾತು.) ಆ ನಿಷೇಧದ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ನಿಷೇಧವಾದದ್ದು ಹೊಗೆ ಬಿಡುವ ಯಂತ್ರ, ಅದರೊಳಗಿದ್ದ ಸೆಲ್ ಅಲ್ಲ. ಆ ಸೆಲ್ ಬೇರೆ ಬೇರೆ ವೇಷದಲ್ಲಿ ನಮ್ಮ ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಕಾಫಿ ತೋಟಗಳಿಗೆ ಬಂದು ಕೂತಿದೆ. ಅದರ ಜೊತೆ ಬರಬೇಕಾಗಿದ್ದ ಮದುವೆಯ ನಿಯಮ ಮಾತ್ರ ಬರಲೇ ಇಲ್ಲ. ನಾನು ಇವತ್ತು ಹೇಳಬೇಕು ಅಂತಿರೋದು ಇಷ್ಟೇ.

ಯಾವ ಸೆಲ್ ಅಂತೀರಾ? ಹೆಸರು 18650. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದ, ನಮ್ಮ ಹಳೇ ಪೆನ್ ಟಾರ್ಚಿನ ಸೆಲ್ಲಿಗಿಂತ ಸ್ವಲ್ಪ ದೊಡ್ಡದು. ತೂಕ ಐವತ್ತು ಗ್ರಾಂ ಒಳಗೇ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಒಡೆದರೆ ಸಿಗುತ್ತಿದ್ದದ್ದು ಇದೇ. ಇವತ್ತು ತೋಟದ ಕಡೆ ನೋಡಿ. ಆನೆ ಬಂತು ಅಂದಾಗ ಹಣೆಗೆ ಕಟ್ಟಿಕೊಳ್ಳುವ ಲೈಟ್, ಚಿಗುರು ತೆಗೆಯುವ ಬ್ಯಾಟರಿ ಕತ್ತರಿ, ಮರಗಸಿಗೆ ಸಣ್ಣ ಗರಗಸ, ಕಳೆ ಹೊಡೆಯುವ ಮಷಿನ್, ಔಷಧಿ ಹೊಡೆಯುವ ಬೆನ್ನಿನ ಪಂಪು, ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ ಉರಿಯುವ ದೀಪ. ಇವುಗಳಲ್ಲಿ ಎಷ್ಟೋ ಮಷಿನ್ನುಗಳ ಹೊಟ್ಟೆಯಲ್ಲಿ ಇದೇ ಸೆಲ್ಲೋ, ಇದರ ಅಣ್ಣತಮ್ಮಂದಿರೋ ಇರುತ್ತಾರೆ. ಹಣೆಯ ಲೈಟಿನಲ್ಲಿ ಒಂದೋ ಎರಡೋ, ಕತ್ತರಿಯಲ್ಲಿ ಐದು, ದೊಡ್ಡ ಮಷಿನ್‌ಗಳಲ್ಲಿ ಹತ್ತು ಇಪ್ಪತ್ತು.

ಒಳ್ಳೆಯದೇ ಆಯಿತು ಅನ್ನಿ. ಪೆಟ್ರೋಲ್ ಮಷಿನ್ನಿನ ಹೊಗೆ ಇಲ್ಲ, ಕಿವಿ ಹರಿಯುವ ಸದ್ದಿಲ್ಲ, ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದು ಹೋಗುವುದಿಲ್ಲ. ಆಳು ಸಿಗದ ಕಾಲದಲ್ಲಿ ಅರವತ್ತು ದಾಟಿದವರೂ ಕತ್ತರಿ ಹಿಡಿದು ಒಂದು ಸಾಲು ಮುಗಿಸುತ್ತಾರೆ. ಬ್ಯಾಟರಿ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ಯಾಟರಿಯನ್ನು ಬೀಡಿ ಬೆಂಕಿಪೊಟ್ಟಣದಷ್ಟು ಸಲೀಸಾಗಿ ನೋಡುತ್ತಿದ್ದೇವಲ್ಲ, ಅದು ಬೇಡ.

ಈಗ ಸ್ವಲ್ಪ ಲೆಕ್ಕ. (ಲೆಕ್ಕ ಅಂದ ಕೂಡಲೇ ಓಡಬೇಡಿ, ಹೈಸ್ಕೂಲಿನ ಕೂಡುವ ಕಳೆಯುವ ಲೆಕ್ಕ ಅಷ್ಟೇ.)

ಮಾಮೂಲಿ ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಐದು ಸೆಲ್ಲನ್ನು ಒಂದರ ಬಾಲಕ್ಕೆ ಒಂದು ಕಟ್ಟಿದರೆ 21 ವೋಲ್ಟ್. ಬ್ಯಾಟರಿ ಕತ್ತರಿಗಳಲ್ಲಿ ಸಾಮಾನ್ಯವಾಗಿ ಇರೋದು ಇದೇ ಪ್ಯಾಕ್. ಆದರೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಡಬ್ಬಗಳ ಮೇಲೆ 48 ಅಂತಲೋ 88 ಅಂತಲೋ ದೊಡ್ಡ ಅಂಕಿ ಬರೆದಿರುತ್ತಾರೆ. ಒಳಗೆ ಐದೇ ಸೆಲ್ ಇದ್ದರೆ ಬ್ರಹ್ಮ ಬಂದರೂ 88 ವೋಲ್ಟ್ ಆಗಲ್ಲ. ಹಾಗೇ ಒಂದೇ 18650 ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೂ ಅದು ಸುಳ್ಳು. ಒಳ್ಳೆಯ ಕಂಪನಿಗಳ ಸೆಲ್ಲುಗಳೇ 3500ರ ಆಸುಪಾಸಿನಲ್ಲಿರುತ್ತವೆ, 4000 ಮುಟ್ಟಿದರೇ ದೊಡ್ಡ ಮಾತು. ಡಬ್ಬದ ಮೇಲೇ ಇಷ್ಟು ಸುಳ್ಳು ಹೇಳಿದವನು ಡಬ್ಬದೊಳಗೆ ಸತ್ಯಹರಿಶ್ಚಂದ್ರನಾಗಿರುತ್ತಾನಾ?

ಸರಿ, ಐದು ಸೆಲ್ಲಿನ ಆ ಪ್ಯಾಕ್ ಎರಡು ವರ್ಷ ಕೆಲಸ ಮಾಡಿ ಸುಸ್ತಾಯಿತು ಅಂದುಕೊಳ್ಳಿ. ಕಂಪನಿಯ ಸರ್ವೀಸ್ ಅನ್ನೋದು ನಮ್ಮ ಘಟ್ಟಕ್ಕೆ ಬರುವುದಿಲ್ಲ. ಪೇಟೆಯ ಮೊಬೈಲ್ ರಿಪೇರಿಯವರ ಹತ್ತಿರ ಹೋದರೆ ಅವರು ಪ್ಯಾಕ್ ಬಿಚ್ಚಿ, ಮೀಟರ್ ಇಟ್ಟು, ಸತ್ತ ಒಂದೋ ಎರಡೋ ಸೆಲ್ಲನ್ನು ಮಾತ್ರ ಕಿತ್ತು ಹೊಸದು ಕೂರಿಸುತ್ತಾರೆ. ಮಷಿನ್ ಜುಂ ಅಂತ ತಿರುಗುತ್ತದೆ. ಇನ್ನೂರು ಮುನ್ನೂರರಲ್ಲಿ ಕೆಲಸ ಆಯಿತು ಅಂತ ಎಲ್ಲರಿಗೂ ಖುಷಿ.

ಅಪಾಯ ಹುಟ್ಟುವುದೇ ಇಲ್ಲಿ. ಮುದಿ ಎತ್ತನ್ನೂ ಎಳೇ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಏನಾಗುತ್ತೆ ಅಂತ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಸಾಲಾಗಿ ಕಟ್ಟಿದ ಸೆಲ್ಲುಗಳಲ್ಲಿ ಎಲ್ಲದರ ಮೂಲಕವೂ ಹರಿಯುವುದು ಒಂದೇ ಕರೆಂಟು. ಹಳೇ ಸೆಲ್ಲಿಗೆ ಹೊಟ್ಟೆ ಚಿಕ್ಕದಾಗಿರುತ್ತದೆ, ಅದು ಬೇಗ ಖಾಲಿಯಾಗುತ್ತದೆ. ಆದರೆ ಉಳಿದವು ಇನ್ನೂ ಗಟ್ಟಿಯಾಗಿವೆಯಲ್ಲ, ಮಷಿನ್ ತಿರುಗುತ್ತಲೇ ಇರುತ್ತದೆ, ಖಾಲಿಯಾದದ್ದರಿಂದಲೂ ಕರೆಂಟ್ ಹಿಂಡಿ ತೆಗೆಯುತ್ತಲೇ ಇರುತ್ತದೆ. 2.5 ವೋಲ್ಟಿಗಿಂತ ತುಂಬಾ ಕೆಳಗೆ ಇಳಿದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಂದರಲ್ಲಿ ಕೂತು, ಒಂದು ದಿನ ಸೆಲ್ಲಿನ ಒಳಗೇ ಶಾರ್ಟ್ ಆಗಬಹುದು.

ಇನ್ನು ಚಾರ್ಜ್ ಮಾಡುವಾಗ. ಐದು ಕೊಡಗಳಿಗೆ ಒಂದೇ ಸಮನೆ ನೀರು ಬಿಟ್ಟರೆ ಮೊದಲು ತುಂಬಿ ಚೆಲ್ಲುವುದು ಚಿಕ್ಕ ಕೊಡವೇ. ಚಾರ್ಜರಿಗೆ ಕಾಣುವುದು ಒಟ್ಟು 21 ವೋಲ್ಟ್ ಮಾತ್ರ, ಯಾವ ಕೊಡ ತುಂಬಿತು ಅಂತ ಅದಕ್ಕೆ ಗೊತ್ತಿಲ್ಲ. ನಾಲ್ಕು ಹೊಸ ಸೆಲ್ಲುಗಳು ಇನ್ನೂ 4.05ರಲ್ಲಿದ್ದರೆ ನಾಲ್ಕರ ಮೊತ್ತ 16.2. ಉಳಿದ 4.8 ವೋಲ್ಟ್ ಆ ಮುದಿ ಸೆಲ್ಲಿನ ತಲೆಗೆ! ಇರಬೇಕಾದದ್ದು 4.2. ಅಂದರೆ ಖಾಲಿಯಾಗುವಾಗಲೂ ಏಟು ಅದಕ್ಕೇ, ತುಂಬುವಾಗಲೂ ಏಟು ಅದಕ್ಕೇ.

ಇದನ್ನು ತಡೆಯಲಿಕ್ಕೆಂದೇ ಪ್ಯಾಕಿನಲ್ಲಿ ಬಿಎಂಎಸ್ ಅನ್ನುವ ಒಂದು ಪುಟ್ಟ ಬೋರ್ಡ್ ಇರಬೇಕು. ಅದು ಒಂದೊಂದು ಸೆಲ್ಲಿನ ಮೇಲೂ ಕಣ್ಣಿಟ್ಟು, ಯಾವುದಾದರೂ ಒಂದು ಗೆರೆ ದಾಟಿದರೆ ಇಡೀ ಪ್ಯಾಕನ್ನೇ ನಿಲ್ಲಿಸಿಬಿಡುತ್ತದೆ. ತೋಟದಲ್ಲಿ ಕೆಲಸ ನಡೆಯುವಾಗ ಹೀಗೆ ಮಷಿನ್ ನಿಂತರೆ ಸಿಟ್ಟು ಬರುತ್ತದೆ ನಿಜ. ಆಗ ಯಾರೋ ಜಾಣರು ಆ ಬೋರ್ಡನ್ನೇ ತೆಗೆದು ವೈರ್ ನೇರ ಜೋಡಿಸಿ ಕೊಡುತ್ತಾರೆ. "ಈಗ ನೋಡಿ, ನಿಲ್ಲೋದೇ ಇಲ್ಲ." ಹೌದು, ನಿಲ್ಲೋದಿಲ್ಲ. ಬೆಂಕಿ ಹತ್ತಿದ ಮೇಲೂ ನಿಲ್ಲೋದಿಲ್ಲ. ತೀರಾ ಅಗ್ಗದ ಪ್ಯಾಕುಗಳಲ್ಲಿ ಒಂದೊಂದು ಸೆಲ್ಲನ್ನೂ ನೋಡುವ ಬೋರ್ಡು ಮೊದಲಿಗೇ ಇರುವುದಿಲ್ಲ.

ನಮ್ಮ ಕಡೆಯದ್ದೇ ಇನ್ನೊಂದು ಅಪಾಯ ಬೆನ್ನಿನ ಪಂಪಿನದು. ಮೊದಲು ಬಂದ ಪಂಪುಗಳಲ್ಲಿ ಇದ್ದದ್ದು 12 ವೋಲ್ಟಿನ ಸೀಸದ ಬ್ಯಾಟರಿ. ಅದು ಭಾರ, ಎರಡು ಮೂರು ವರ್ಷಕ್ಕೆ ಗೋತಾ. ಈಗ ಅದೇ ಜಾಗಕ್ಕೆ 12 ವೋಲ್ಟಿನದೇ ಲಿಥಿಯಂ ಪ್ಯಾಕ್ ಸಿಗುತ್ತದೆ, ಹಗುರ, ತಂದು ಕೂರಿಸುತ್ತಾರೆ. ಆದರೆ ಚಾರ್ಜರ್? ಗೋಡೆಗೆ ನೇತುಹಾಕಿದ ಹಳೆಯದೇ. 'ಎರಡೂ ಹನ್ನೆರಡು ವೋಲ್ಟ್ ತಾನೇ!' ಅಲ್ಲ ಸ್ವಾಮಿ. ಸೀಸದ ಬ್ಯಾಟರಿಯ ಚಾರ್ಜರ್ ಸುಮಾರು 14.4 ವೋಲ್ಟ್ ತನಕ ಏರುತ್ತದೆ. ಮೂರು ಸೆಲ್ಲಿನ ಲಿಥಿಯಂ ಪ್ಯಾಕಿಗೆ 12.6ಕ್ಕೆ ಹೊಟ್ಟೆ ತುಂಬಿತು. 14.4ನ್ನು ಮೂರರಿಂದ ಭಾಗಿಸಿ, ಮತ್ತೆ ಅದೇ 4.8! ಒಳಗಿನ ಬೋರ್ಡು ಸರಿ ಇದ್ದರೆ ತಡೆಯುತ್ತದೆ, ಇಲ್ಲದಿದ್ದರೆ ದೇವರೇ ಗತಿ. (ಐರನ್ ಫಾಸ್ಫೇಟ್ ಅನ್ನುವ ಜಾತಿಯ ಲಿಥಿಯಂ ಸೆಲ್ಲುಗಳಿವೆ, ಒಂದೊಂದು 3.2 ವೋಲ್ಟ್, ನಾಲ್ಕು ಸೇರಿದರೆ 12.8. ಇವು ಬಿಸಿಯನ್ನು ಹೆಚ್ಚು ತಡೆದುಕೊಳ್ಳುತ್ತವೆ, ಪಂಪಿಗೆ ಇದೇ ವಾಸಿ. ಆದರೂ ಚಾರ್ಜರ್ ಅದರದ್ದೇ ಇರಬೇಕು.)

ಆ ಪಂಪಿನಲ್ಲಿ ಹೊಡೆಯುವುದಾದರೂ ಏನು? ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು. ಮಲೆನಾಡಿನ ಮಳೆಗಾಲದ ಆಸುಪಾಸಿನಲ್ಲೇ ಇದರ ಕೆಲಸ. ಟ್ಯಾಂಕಿನ ಕೆಳಗೇ ಬ್ಯಾಟರಿಯ ಗೂಡು. ಟ್ಯಾಂಕಿನ ವಾಷರ್ ಸ್ವಲ್ಪ ಜಿನುಗಿದರೂ ಮೈಲುತುತ್ತದ ನೀರು ಗೂಡಿಗೆ ಇಳಿದು ವೈರಿನ ತುದಿ, ಬೋರ್ಡಿನ ಕಾಲು ಎಲ್ಲ ಹಸಿರು ಹಿಡಿಯುತ್ತವೆ. ಬಯಲುಸೀಮೆಯಲ್ಲಿ ಐದು ವರ್ಷ ಬರುವ ಬೋರ್ಡು ಇಲ್ಲಿಯೂ ಅಷ್ಟೇ ಬಾಳುತ್ತದೆ ಅಂತ ನಂಬಿ ಕೂರುವಂತಿಲ್ಲ.

'ಒಂದು ಸಣ್ಣ ಸೆಲ್ಲಿಗೆ ಇಷ್ಟೊಂದು ಕೂಗಾಟವಾ?' ಅಂತ ಅನ್ನಿಸಬಹುದು. ವೇಪ್ ವಿಷಯಕ್ಕೇ ಬರೋಣ. 2009ರಿಂದ 2016ರವರೆಗೆ ಅಮೆರಿಕದ ಪತ್ರಿಕೆ, ಟೀವಿಗಳಲ್ಲಿ ವರದಿಯಾದ ಇ-ಸಿಗರೇಟ್ ಬೆಂಕಿ, ಸ್ಫೋಟಗಳನ್ನು ಅಲ್ಲಿನ ಅಗ್ನಿಶಾಮಕ ಆಡಳಿತ ಎಣಿಸಿತು: 195. ಎಷ್ಟೋ ಸಲ ಅದು ಸಿಡಿದದ್ದು ಪ್ಯಾಂಟಿನ ಜೇಬಿನಲ್ಲಿ. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸಿನಲ್ಲಿ ಒಬ್ಬೊಬ್ಬರು ಸತ್ತೇ ಹೋದರು. 2021ರ ಜನವರಿಯಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ, ಬಿಡಿ 18650 ಸೆಲ್ಲುಗಳನ್ನು ಕೊಳ್ಳಬೇಡಿ, ಬಳಸಬೇಡಿ, ಇವು ಪ್ಯಾಕಿನೊಳಗೆ ಇರಲು ಮಾಡಿದವೇ ಹೊರತು ಅಂಗಡಿಯಲ್ಲಿ ಒಂದೊಂದಾಗಿ ಮಾರಲು ಅಲ್ಲ ಅಂತ ಎಚ್ಚರಿಕೆ ಕೊಟ್ಟಿತು. ನಮ್ಮಲ್ಲಿ ಆನ್‌ಲೈನಿನಲ್ಲಿ ಅವು ಕಡ್ಲೆಕಾಯಿಯ ಹಾಗೆ ಬಿಡಿಬಿಡಿಯಾಗಿ ಸಿಗುತ್ತವೆ.

ಒಂದು ಸೆಲ್ ಕೆಟ್ಟರೆ ಪಕ್ಕದವು ಸುಮ್ಮನಿರುವುದಿಲ್ಲ ಅನ್ನೋದಕ್ಕೆ ದೊಡ್ಡವರ ಮನೆಯ ಉದಾಹರಣೆಯೂ ಇದೆ. 2013ರ ಜನವರಿಯಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 787 ವಿಮಾನದ ಬ್ಯಾಟರಿಗೆ ಬೆಂಕಿ ಬಿತ್ತು. ಎಂಟು ಸೆಲ್ಲಿನ ಬ್ಯಾಟರಿ. ಒಂದೇ ಒಂದು ಸೆಲ್ಲಿನೊಳಗೆ ಶಾರ್ಟ್ ಆಗಿ, ಅದರ ಬಿಸಿಗೆ ಪಕ್ಕದ್ದು, ಅದರ ಬಿಸಿಗೆ ಅದರಾಚೆಯದು ಹೀಗೆ ಹಬ್ಬಿತು ಅಂತ ತನಿಖೆಯಲ್ಲಿ ಗೊತ್ತಾಯಿತು. ಅದೇ ತಿಂಗಳು ಜಪಾನಿನಲ್ಲಿ ಇನ್ನೊಂದು ವಿಮಾನದ ಬ್ಯಾಟರಿಯೂ ಕೈಕೊಟ್ಟ ಮೇಲೆ ಪ್ರಪಂಚದ ಎಲ್ಲ 787ಗಳನ್ನೂ ನೆಲಕ್ಕೆ ಕೂರಿಸಿದರು. ಬ್ಯಾಟರಿಗೆ ಉಕ್ಕಿನ ಪೆಟ್ಟಿಗೆ ಮಾಡಿ, ಹೊಗೆ ಹೊರಗೆ ಹೋಗಲು ಕೊಳವೆ ಇಟ್ಟ ಮೇಲೇ ಮತ್ತೆ ಹಾರಿದ್ದು. ಕೋಟಿಗಟ್ಟಲೆ ಡಾಲರಿನ ವಿಮಾನದ ಕಥೆಯೇ ಹೀಗಾದರೆ ಎರಡೂವರೆ ಸಾವಿರದ ಕತ್ತರಿಯದ್ದೇನು?

ನಮ್ಮ ದೇಶದಲ್ಲೂ ಪಾಠ ಕಲಿತಿದ್ದೇವೆ, ಅರ್ಧ ಮಾತ್ರ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಒಂದಾದ ಮೇಲೊಂದು ಹೊತ್ತಿಕೊಂಡವು. ಆ ವರ್ಷ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಸ್ಕೂಟರ್ ಶೋರೂಮಿನಲ್ಲಿ ಹತ್ತಿದ ಬೆಂಕಿ, ಹೊಗೆ ಮೇಲಿನ ಹೋಟೆಲಿಗೆ ಹೋಗಿ ಎಂಟು ಜನ ಸತ್ತರು. 2024ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನ ರಾಜಾಜಿನಗರದ ಕಡೆಯ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಬೆಂಕಿ ಬಿದ್ದು, ಅಲ್ಲಿ ಕೆಲಸಕ್ಕಿದ್ದ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಹೊರಗೆ ಬರಲಾಗದೆ ಸತ್ತಳು. ವಾಹನಗಳ ಬ್ಯಾಟರಿಗೆ ಎಐಎಸ್ 156 ಅನ್ನುವ ನಿಯಮವನ್ನು ಬಿಗಿ ಮಾಡಿ 2022ರ ಡಿಸೆಂಬರಿನಿಂದ ಹಂತ ಹಂತವಾಗಿ ಜಾರಿಗೆ ತಂದರು. ಒಳ್ಳೆಯದೇ. ಆದರೆ ಅದು ರಸ್ತೆಯ ಮೇಲೆ ಓಡುವ ಬ್ಯಾಟರಿಗೆ. ಮನುಷ್ಯ ಬೆನ್ನ ಮೇಲೆ ಹೊತ್ತು ಇಳಿಜಾರಿನಲ್ಲಿ ನಡೆಯುವ ಬ್ಯಾಟರಿಗೆ ಅದು ಅನ್ವಯಿಸುವುದಿಲ್ಲ. ಕೈಯಲ್ಲಿ ಹಿಡಿದು ಬಳಸುವಂಥವಕ್ಕೆ ಐಎಸ್ 16046 ಅನ್ನುವ ಮಾನದಂಡ ಇದೆ, ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯೂ ಕಡ್ಡಾಯ. ಹಾಗೆ ನೋಂದಣಿಯಾದ ಸೆಲ್ ಅಥವಾ ಪ್ಯಾಕಿನ ಮೇಲೆ ಬ್ಯೂರೋದ ಗುರುತೂ 'ಆರ್' ಅಕ್ಷರದಿಂದ ಶುರುವಾಗುವ ನಂಬರೂ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಆಪ್‌ನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಕೊಳ್ಳುವಾಗ ಇದನ್ನು ನೋಡುವವರು ನಮ್ಮಲ್ಲಿ ಎಷ್ಟು ಜನ?

'ನಮ್ಮಲ್ಲಿ' ಅಂದೆ. ಬೇಕಂತಲೇ ಅಂದೆ. ಊರಿನ ತೋಟಗಳಿಗೆ ಈ ಮಷಿನ್ನುಗಳನ್ನು ಆರ್ಡರ್ ಮಾಡುತ್ತಿರುವವರು ಬಹುಪಾಲು ನಾವೇ. ಬೆಂಗಳೂರಿನಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ, ಆಫರ್ ಇದೆ ಅಂತ, ಸ್ಟಾರ್ ನೋಡಿ, ಅಡ್ರೆಸ್ಸಿಗೆ ಊರಿನ ವಿಳಾಸ ಹಾಕಿ ಒಂದು ಕ್ಲಿಕ್. "ಅಪ್ಪಾ, ನಾಳಿದ್ದು ಕತ್ತರಿ ಬರುತ್ತೆ, ತಗೊಳ್ಳಿ." ಅಪ್ಪ ಅದನ್ನು ಕೆಲಸದವರ ಕೈಗೆ ಕೊಡುತ್ತಾರೆ. ಸಂಜೆ ಆ ಬ್ಯಾಟರಿ ಚಾರ್ಜಿಗೆ ಹೋಗುವುದು ಎಲ್ಲಿಗೆ? ಗೋಣಿಚೀಲ, ಡೀಸೆಲ್ ಕ್ಯಾನು, ಒಣಗಿದ ಕಾಫಿ ಇರುವ ಗೋದಾಮಿಗೆ. ಹಣೆಯ ಲೈಟಾದರೆ ಲೈನ್ ಮನೆಗೆ. ಅಲ್ಲಿ ಇರುವ ಒಂದೇ ಪ್ಲಗ್ಗಿನಲ್ಲಿ ನಾಲ್ಕು ಫೋನು, ಒಂದು ಲೈಟು, ಪಕ್ಕದಲ್ಲೇ ಚಾಪೆ, ಚಾಪೆಯ ಮೇಲೆ ಮಕ್ಕಳು. ಏನಾದರೂ ಆದರೆ ಕಳಸದಿಂದ ಚಿಕ್ಕಮಗಳೂರಿಗೆ ಘಟ್ಟದ ತಿರುವುಗಳಲ್ಲಿ ಎರಡು ಗಂಟೆಗೂ ಮೇಲೆ, ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಮುನ್ನೂರು ರೂಪಾಯಿ ಉಳಿಸುವುದು ನಾವು, ಆ ಬ್ಯಾಟರಿಯನ್ನು ಬೆನ್ನಿಗೂ ತಲೆದಿಂಬಿನ ಪಕ್ಕಕ್ಕೂ ಇಟ್ಟುಕೊಳ್ಳುವವರು ಅವರು. ನನಗೆ ಚುಚ್ಚುವುದು ಇದೇ.

ರಿಪೇರಿಯವರನ್ನು ಬೈದು ಪ್ರಯೋಜನವಿಲ್ಲ. ಅವರಿಲ್ಲದಿದ್ದರೆ ಮಲೆನಾಡೇ ನಡೆಯುವುದಿಲ್ಲ. ಮಿಕ್ಸಿಯಿಂದ ಹಿಡಿದು ಟೀವಿಯವರೆಗೆ ಎಲ್ಲಕ್ಕೂ ಮರುಜನ್ಮ ಕೊಡುವವರು ಅವರೇ. ನಾವು "ಕೆಟ್ಟದ್ದೊಂದನ್ನೇ ಹಾಕಿ, ಕಮ್ಮಿಗೆ ಮುಗಿಸಿ" ಅಂತ ಹೇಳಿದ್ದಕ್ಕೇ ಅವರು ಹಾಗೆ ಮಾಡುವುದು. "ಹಾಕಿದರೆ ಅಷ್ಟೂ ಹಾಕಿ, ಒಂದೇ ಥರದ್ದು ಹಾಕಿ, ಬೋರ್ಡ್ ತೆಗೀಬೇಡಿ" ಅಂತ ಕೇಳಿದರೆ ಹಾಗೂ ಮಾಡಿಕೊಡುತ್ತಾರೆ. ಮಷಿನ್ ಕೊಡುವ ಇಲಾಖೆಗಳು, ಮಂಡಳಿಗಳು ಸಬ್ಸಿಡಿಯ ಪಟ್ಟಿ ಮಾಡುವಾಗ ಪಂಪಿನ ಲೀಟರ್ ಕೇಳುತ್ತಾರೆ. ಒಳಗಿನ ಸೆಲ್ ಯಾವುದು, ಬದಲಿ ಪ್ಯಾಕ್ ಎಲ್ಲಿ ಸಿಗುತ್ತದೆ ಅಂತಲೂ ಕೇಳಲಿ. ಕಾಫಿ ರೋಗಕ್ಕೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಹೇಳಿದ್ದನ್ನು ತಲೆಮಾರುಗಳಿಂದ ಕೇಳಿಕೊಂಡು ಬಂದ ಬೆಳೆಗಾರರು ಬ್ಯಾಟರಿಯ ಬಗ್ಗೆ ನಾಲ್ಕು ಸಾಲಿನ ಕನ್ನಡದ ಚೀಟಿ ಕೊಟ್ಟರೆ ಓದುವುದಿಲ್ಲವೇ? ಡಬ್ಬದಲ್ಲಿ ಬರುವ ಪುಸ್ತಕದಲ್ಲಿ ಚೀನೀ ಭಾಷೆ ಇರುತ್ತದೆ, ಇಂಗ್ಲಿಷ್ ಇರುತ್ತದೆ, ಕನ್ನಡ ಎಲ್ಲಿದೆ?

ಅದು ಬರುವ ತನಕ ಊರಿಗೆ ಫೋನ್ ಮಾಡಿ ಹೇಳಬೇಕಾದದ್ದನ್ನು ನಾನೇ ಒಟ್ಟು ಮಾಡಿದ್ದೇನೆ:

* ಪ್ಯಾಕಿನಲ್ಲಿ ಒಂದು ಸೆಲ್ ಸತ್ತರೆ ಅಷ್ಟನ್ನೂ ಬದಲಿಸಿ. ಹಳೇದು ಹೊಸದು ಬೆರೆಸಬೇಡಿ. ಸೆಲ್ ತೆಗೆದು ಹಾಕುವಂಥ ಟಾರ್ಚಿಗೂ ಇದೇ ನಿಯಮ.
* ಮಷಿನ್ನಿನ ಜೊತೆ ಬಂದ ಚಾರ್ಜರನ್ನೇ ಹಾಕಿ. ಪಿನ್ ಕೂತಿತು ಅಂದ ಮಾತ್ರಕ್ಕೆ ಬ್ಯಾಟರಿಗೆ ಕೂರುತ್ತದೆ ಅಂತಲ್ಲ. ಚಾರ್ಜರಿಗೆ ಸುಣ್ಣದಲ್ಲೋ ಬಣ್ಣದಲ್ಲೋ ಗುರುತು ಹಾಕಿಡಿ.
* ಊದಿದ್ದು, ಸೋರಿದ್ದು, ಜಜ್ಜಿದ್ದು, ಮೇಲಿನ ಪ್ಲಾಸ್ಟಿಕ್ ಹರಿದದ್ದು, ಚಾರ್ಜ್ ಮಾಡುವಾಗ ಕೈ ಸುಡುವಷ್ಟು ಬಿಸಿಯಾಗುವುದು ಯಾವುದೂ ಬೇಡ.
* ಚಾರ್ಜ್ ಹಗಲಲ್ಲಿ, ಕಣ್ಣೆದುರಿಗೆ, ಸಿಮೆಂಟ್ ನೆಲದ ಮೇಲೆ. ಗೋಣಿಚೀಲ, ಡೀಸೆಲ್, ಹಾಸಿಗೆಯಿಂದ ದೂರ. ಜೀಪಿನ ಗಾಜಿನ ಹತ್ತಿರ, ಕಣದ ಬಿಸಿಲಿನಲ್ಲಿ ಬಿಡಬೇಡಿ.
* ಬಿಡಿ ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಇರುವ ಜೇಬಿಗೆ ಹಾಕಬೇಡಿ.
* ಹೊತ್ತಿಕೊಂಡರೆ ಮೊದಲು ಮೈನ್ ಆಫ್ ಮಾಡಿ, ದೂರದಿಂದ ಧಾರಾಳವಾಗಿ ನೀರು ಸುರಿಯಿರಿ. ಜ್ವಾಲೆ ನಿಂತರೂ ಪಕ್ಕದ ಸೆಲ್ ಮತ್ತೆ ಹೊತ್ತಿಕೊಳ್ಳಬಹುದು, ತಣಿಯುವ ತನಕ ಸುರಿಯಿರಿ. ಆ ಹೊಗೆ ವಿಷ, ಕುಡಿಯಬೇಡಿ.
* ಸತ್ತ ಬ್ಯಾಟರಿಯನ್ನು ಹಂಡೆ ಒಲೆಗೆ ಎಸೆಯಬೇಡಿ, ಚರಂಡಿಗೂ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ಸಂಗ್ರಹಿಸುವ ಹೊಣೆ ತಯಾರಿಸಿದವರದು. ತುದಿಗಳಿಗೆ ಟೇಪ್ ಸುತ್ತಿ ಒಂದು ಡಬ್ಬದಲ್ಲಿಡಿ, ಊರಿಗೆ ಹೋದವರು ಬೆಂಗಳೂರಿಗೆ ತಂದು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ಐದು ಹೊಸ ಸೆಲ್ ಹಾಕಿಸಿದರೆ ಖರ್ಚು ಜಾಸ್ತಿ, ಹೌದು. ಆದರೆ ನಾಲ್ಕು ಜನ ಸ್ನೇಹಿತರು ಒಂದು ಶನಿವಾರ ಹೊರಗೆ ಊಟಕ್ಕೆ ಹೋದರೆ ಬರುವ ಬಿಲ್ಲಿಗಿಂತ ಕಮ್ಮಿಯೇ. ಕೊಡುವ ದುಡ್ಡು ನಮ್ಮದಾಗಿರುವಾಗ ಚೌಕಾಸಿಗೆ ಬೇರೆ ಜಾಗ ಹುಡುಕೋಣ.

ನಿಮ್ಮ ಊರು ಕಾಫಿ ಸೀಮೆಯೇ ಆಗಬೇಕಿಲ್ಲ. ಅಡಿಕೆ ತೋಟ, ದ್ರಾಕ್ಷಿ ತೋಟ, ಹತ್ತಿ ಹೊಲ ಎಲ್ಲ ಕಡೆಗೂ ಈ ಮಷಿನ್ನುಗಳು ಹೋಗಿವೆ. ಈ ಹಬ್ಬಕ್ಕೆ ಊರಿಗೆ ಹೋದಾಗ ಗೋದಾಮಿನ ಬಾಗಿಲು ತೆಗೆದು, ಪ್ಲಗ್ಗಿನಲ್ಲಿ ಏನೇನು ನೇತಾಡುತ್ತಿದೆ ಅಂತ ಒಂದು ಸಲ ನೋಡಿ. ಲೈನ್ ಮನೆಯ ಪ್ಲಗ್ಗನ್ನೂ ಸೇರಿಸಿ. ನೋಡಿದ್ದನ್ನು ನಿಮ್ಮ ಭಾಷೆಯಲ್ಲಿ, ನಿಮ್ಮ ಊರಿನ ಮಾತಿನಲ್ಲಿ ಬರೆಯಿರಿ. ಈ ವಿಷಯಕ್ಕೆ ಕನ್ನಡದಲ್ಲಿ ಇನ್ನೂ ಬೇಕಾದಷ್ಟು ಜಾಗ ಖಾಲಿ ಇದೆ.

ಏನಂತೀರಿ?